ಚೈನಿಲ್ಲದ ಗಾಡಿಗೆ ಅರಗಿನ ಬಿರಡೆ

“ಸುಚಿತ್ರಾ! ಈ ಗಾಡಿಗೆ ಇವತ್ತು ಎಂಥಾ ಸರ್ವೀಸ್ ಮಾಡ್ತೀನಿ ಅಂದ್ರೆ, ನಾಳೆ ನಿಮ್ಮಣ್ಣ ನೋಡ್ಬುಟ್ಟು ‘ಇದು ನನ್ ಗಾಡಿನೇ ಅಲ್ಲ ಕಣಪ್ಪಾ’ ಅನ್ಬೇಕು!”

ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಚನ್ನಪಟ್ಟಣದ ತನ್ನ ಮನೆಯ ಮುಂದೆ, ಪಂಚೆ ಎತ್ತಿಕಟ್ಟಿ, ಸ್ಪ್ಯಾನರನ್ನು ಗದೆಯಂತೆ ಹೆಗಲಿಗೇರಿಸಿ ನಟರಾಜು ಮಾಡಿದ ಪ್ರತಿಜ್ಞೆ ಇದು. ಈ ಮಾತು ಮರುದಿನ ಅಕ್ಷರಶಃ ನಿಜವಾಯಿತು. ಹೇಗೆ ನಿಜವಾಯಿತು ಎನ್ನುವುದೇ ಈ ಪ್ರಾರಬ್ಧದ ಕಥೆ.

ಒಳಗೆ ರೊಟ್ಟಿ ತಟ್ಟುತ್ತಿದ್ದ ಸುಚಿತ್ರಾ “ಬೇಡ ಕಣ್ರೀ” ಎಂದಳು.

ಮದುವೆಯಾಗಿ ಇಪ್ಪತ್ತೊಂದು ವರ್ಷ. ಈ ಎರಡು ಪದಗಳನ್ನು ಅವಳು ಕೂಗಿ ಹೇಳಿದ್ದಳು, ಅತ್ತು ಹೇಳಿದ್ದಳು, ಆಣೆ ಇಟ್ಟು ಹೇಳಿದ್ದಳು. ಈಗೀಗ ಸಾಕಾಗಿ, ಉಸಿರು ಬಿಡುವಾಗ ಅದರ ಜೊತೆಗೇ ಇದನ್ನೂ ಬಿಟ್ಟುಬಿಡುತ್ತಿದ್ದಳು. ಪಾಪ, ಅವಳದೇನು ತಪ್ಪು? ಆ ಮನೆಯಲ್ಲಿ ಬಚ್ಚಲಿನ ದೀಪ ಹಾಕಿದರೆ ಬಾಗಿಲಿನ ಬೆಲ್ಲು ಹೊಡೆದುಕೊಳ್ಳುತ್ತಿತ್ತು. ಮಿಕ್ಸಿಯು ಚಟ್ನಿಯನ್ನು ರುಬ್ಬುವುದು ಬಿಟ್ಟು ಸೂರಿಗೆ ಎರಚುತ್ತಿತ್ತು. ಗೋಡೆ ಗಡಿಯಾರವಂತೂ ಯಜಮಾನರ ಕೈಗೆ ಸಿಕ್ಕ ದಿನದಿಂದ ಹಿಂದಕ್ಕೆ ನಡೆಯಲು ಶುರುಮಾಡಿ, ಅವರ ಮನೆಯಲ್ಲಿ ಸಂಜೆಯ ಹೊತ್ತಿಗೆ ಬೆಳಗಾಗುತ್ತಿತ್ತು! ಎಲ್ಲವೂ ನಟರಾಜುವೇ ಸ್ವಹಸ್ತದಿಂದ ರಿಪೇರಿ ಮಾಡಿದ್ದು.

ಹಾಗಂತ ಅವನು ಕೈಲಾಗದವನೇನಲ್ಲ. ಗೊಂಬೆ ಕಡೆಯುವ ಕಸುಬಿನಲ್ಲಿ ಅವನು ಗಟ್ಟಿಗ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಆ ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತಿಕೊಂಡ ಮೇಲೆ ಕೇದಿಗೆ ಗರಿಯಿಂದ ಸವರಿದನೆಂದರೆ, ಆ ಹೊಳಪಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು. ತಿರುಪು ಮುಚ್ಚಳದ ಕುಂಕುಮದ ಭರಣಿ ಅವನಷ್ಟು ಚೆನ್ನಾಗಿ ಮಾಡುವವರು ಊರಲ್ಲಿ ಇಬ್ಬರೋ ಮೂವರೋ. ತೊಂದರೆ ಏನಪ್ಪಾ ಅಂದರೆ, ಮರ ತನ್ನ ಮಾತು ಕೇಳುತ್ತದೆ, ಹಾಗಾಗಿ ಕಬ್ಬಿಣವೂ ಕೇಳುತ್ತದೆ ಅಂತ ಅವನು ನಂಬಿಬಿಟ್ಟಿದ್ದ.

ಕಬ್ಬಿಣ ಕೇಳಲಿಲ್ಲವಾಗಿಯೇ ಸುಚಿತ್ರಾಳಿಗೆ ಮೂರು ವರ್ಷ ತವರು ತಪ್ಪಿಹೋಗಿತ್ತು. ಕುದೂರಿನಲ್ಲಿ ಅವಳ ಅಣ್ಣ ಕೃಷ್ಣಪ್ಪನ ಹೊಸ ಮನೆಯ ಗೃಹಪ್ರವೇಶ. ಕೃಷ್ಣಪ್ಪ ಮಿಲಿಟರಿಯಲ್ಲಿ ಸುಬೇದಾರ್ ಆಗಿದ್ದು ರಿಟೈರಾದ ಮನುಷ್ಯ. ಅವನ ಮನೆಯಲ್ಲಿ ಚೊಂಬು ಕೂಡ ಸಾಲಾಗಿ ನಿಲ್ಲಬೇಕು. ಅವತ್ತು ಬೋರ್‌ವೆಲ್ ಮೋಟರು ಯಾಕೋ ‘ಕೊಂಯ್’ ಅಂತಿದೆಯಲ್ಲ ಎಂದು ನಟರಾಜು ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕಿದ. ಮೋಟರು ಸುಟ್ಟು ಕರಕಲಾಯಿತು. ನಾನೂರು ಜನ ನೆಂಟರು ಮುದ್ದೆ ಉಂಡ ಕೈ ತೊಳೆಯಲು ಹನಿ ನೀರಿಲ್ಲದೆ, ಒಣಗಿ ಅಂಟಿಕೊಂಡ ಬೆರಳುಗಳನ್ನು ಬಿಡಿಸಿಕೊಳ್ಳುತ್ತಾ ಬಸ್ಸು ಹತ್ತಿದರು! “ನಿನ್ ಗಂಡ ಇನ್ಮೇಲೆ ನನ್ ಹೊಸ್ಲು ತುಳಿಯಂಗಿಲ್ಲ” ಎಂದ ಕೃಷ್ಣಪ್ಪ. “ಅವ್ರು ಬರ್ದಿರೋ ಮನೆಗೆ ನಾನೂ ಬರಾಕಿಲ್ಲ ಬುಡಣ್ಣ” ಎಂದಳು ಸುಚಿತ್ರಾ. ಮಾತು ನಿಂತಿತು. ನಡುವೆ ಸಿಕ್ಕಿದ ತಾಯಿ ಮುನಿಯಮ್ಮ ಮೂರು ವರ್ಷ ಫೋನಿನಲ್ಲೇ ಮಗಳನ್ನು ಮಾತಾಡಿಸಿಕೊಂಡು ಕಾಲ ಕಳೆದರು.

ಹೋದ ತಿಂಗಳು ಕೃಷ್ಣಪ್ಪನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ನಿಗದಿಯಾಯಿತು. ಸುದ್ದಿ ತಿಳಿದ ಸುಚಿತ್ರಾಳಿಗೆ ತಡೆಯಲಾಗಲಿಲ್ಲ, ಫೋನ್ ಮಾಡಿ ಅತ್ತಳು. ಸುಬೇದಾರನೂ ಕರಗಿದ. ಆಪರೇಷನ್ನಿನ ಹಿಂದಿನ ದಿನ ತಾನೇ ತನ್ನ ಬೈಕಿನಲ್ಲಿ ಚನ್ನಪಟ್ಟಣಕ್ಕೆ ಬಂದು, ಕೀಲಿಯನ್ನು ನಟರಾಜುವಿನ ಕೈಯಲ್ಲಿಟ್ಟು, “ನಾನು ಬಸ್ಸಲ್ಲಿ ಬೆಂಗ್ಳೂರಿಗೆ ಹೋಯ್ತೀನಿ. ಗಾಡಿ ಇಲ್ಲೇ ಇರ್ಲಿ. ಶಾಫ್ಟ್ ಒಸಿ ನೋಡ್ಕೊ” ಎಂದ. ಆ ಕೀಲಿ ಗಂಡನ ಕೈಗೆ ಬಂದಾಗ ಸುಚಿತ್ರಾಳ ಕಣ್ಣು ತುಂಬಿತು. ಅಣ್ಣ ತನ್ನ ಗಂಡನನ್ನು ಮತ್ತೆ ನಂಬಿದ್ದಾನೆ!

ಆದರೆ ಈ ‘ನೋಡ್ಕೊ’ ಎಂಬ ಪದವಿದೆಯಲ್ಲ, ಇದು ಬಹಳ ಅಪಾಯಕಾರಿ. ಮಗು ನೋಡ್ಕೊ ಅಂದರೆ ಎತ್ತಿ ಆಡಿಸಬೇಕು. ಅಂಗಡಿ ನೋಡ್ಕೊ ಅಂದರೆ ವ್ಯಾಪಾರ ಮಾಡಬೇಕು. ‘ಅವ್ನನ್ನ ನಾನ್ ನೋಡ್ಕೋತೀನಿ’ ಅಂದರೆ ಕೈಕಾಲು ಮುರಿಯಬೇಕು. ಕೃಷ್ಣಪ್ಪ ಹೇಳಿದ್ದು ಬರೀ ಕಣ್ಣಲ್ಲಿ ನೋಡು, ಎಣ್ಣೆ ಗಿಣ್ಣೆ ಸೋರುತ್ತಾ ಅಂತ. ನಟರಾಜು ಮೂರನೇ ಅರ್ಥದಲ್ಲಿ ನೋಡಿಕೊಂಡ.

ಒಂದು ತಿಂಗಳು ಹೇಗೋ ಕೈಕಟ್ಟಿ ಕೂತಿದ್ದ. ನಾಳೆ ಭಾನುವಾರ ಮಧ್ಯಾಹ್ನ ಗಾಡಿಯನ್ನು ಕುದೂರಿಗೆ ತಲುಪಿಸಬೇಕು, ಅವ್ವ ಅಡುಗೆ ಮಾಡಿ ಮಗ-ಅಳಿಯ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬೇಕು ಅಂತ ತೀರ್ಮಾನವಾಗಿತ್ತು. ಇನ್ನು ಒಂದೇ ದಿನ ಸುಮ್ಮನಿದ್ದಿದ್ದರೆ ಸಾಕಿತ್ತು. ಅಷ್ಟರಲ್ಲಿ ಈ ಪ್ರತಿಜ್ಞೆ!

ಗಾಡಿಯೇನು ಸಾಮಾನ್ಯದ್ದಲ್ಲ. ಯಾವುದೋ ಕಾಲದ ಫಾರಿನ್ ಗಾಡಿ, ಕೃಷ್ಣಪ್ಪನ ದಂಡಿನ ಸಾಹೇಬರೊಬ್ಬರು ಪ್ರೀತಿಯಿಂದ ಕೊಟ್ಟುಹೋದದ್ದು. ಬೀದಿಯವರೆಲ್ಲ ಬಂದು ಬಂದು ನೋಡುತ್ತಿದ್ದರು. ಎದುರು ಕಾರ್ಖಾನೆಯ ಫಕ್ರುದ್ದೀನ್ ಕೂಡ ಗೊಂಬೆ ಕಡೆಯುವವನೇ, ನಟರಾಜುವಿನ ವಾರಿಗೆಯವನು. ಅವನು ಟೀ ಲೋಟ ಹಿಡಿದುಕೊಂಡು ಬಂದು ಗಾಡಿಯ ಹಿಂಭಾಗವನ್ನು ಬಗ್ಗಿ ನೋಡಿದ.

“ಏನ್ಲಾ ನಟರಾಜು, ಚೈನ್ ಎಲ್ಲೋಯ್ತು? ಬಿಚ್ಚೇಬುಟ್ಯಾ?”

“ಥೂ, ಇದಕ್ಕೆ ಚೈನೇ ಇಲ್ಲ ಕಣ್ಲಾ! ಶಾಫ್ಟು! ಈ ಕೊಳವೆ ಒಳಗೆ ಒಂದು ಸರಳು ಐತೆ. ಎಂಜಿನ್ ತಿರುಗಿದ್ರೆ ಅದು ತಿರುಗ್ತದೆ, ಅದು ತಿರುಗಿದ್ರೆ ಹಿಂದ್ಗಡೆ ಚಕ್ರ ತಿರುಗ್ತದೆ. ಚಕ್ರದ ಹತ್ರ ಈ ಉಂಡೆ ಐತಲ್ಲ, ಇದ್ರೊಳಗೆ ಹಲ್ಲಿನ ಚಕ್ರ, ಎಣ್ಣೆ.”

“ನಮ್ ಉರ್ದುನಲ್ಲಿ ಚೈನ್ ಅಂದ್ರೆ ನೆಮ್ಮದಿ. ಗಾಡಿಗೇ ಚೈನಿಲ್ಲ ಅಂದ್ಮೇಲೆ ಮುಟ್ಟಿದೋನಿಗೆ ಎಲ್ಲಿಂದ ಬರ್ಬೇಕು? ಬಟ್ಟೇಲಿ ಒರೆಸಿ ಒಳ್ಗೆ ಹೋಗು ಮಾರಾಯ.”

ಒಳ್ಳೆಯ ಮಾತು ಯಾರಿಗೆ ರುಚಿಸುತ್ತದೆ! ನಟರಾಜು ಮೊಬೈಲನ್ನು ಕಿಟಕಿಗೆ ಒರಗಿಸಿ ವಿಡಿಯೋ ಹಚ್ಚಿದ. ಅದರಲ್ಲೊಬ್ಬ ಗಡ್ಡದ ವಿದೇಶಿ, ಇಂಗ್ಲಿಷೂ ಅಲ್ಲದ ಯಾವುದೋ ಭಾಷೆಯಲ್ಲಿ ಗೊಣಗುತ್ತಾ ಇದೇ ಥರದ ಗಾಡಿಯನ್ನು ಬಿಚ್ಚುತ್ತಿದ್ದ. ಮಾತು ಅರ್ಥವಾಗದಿದ್ದರೇನು, ಕೈ ಅರ್ಥವಾಗುತ್ತದಲ್ಲ! ಗಡ್ಡದವನು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿದ, ಇವನೂ ಹಾಕಿದ. ಗಡ್ಡದವನು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ, ಇವನೂ ಅಲ್ಲಾಡಿಸಿದ; ಸದ್ದಿಲ್ಲ. ಶಾಫ್ಟಿನ ಸಂದಿಗೆ ತೊಡಿಸಿದ ರಬ್ಬರ್ ಬೂಟನ್ನು ಹಿಂಡಿ ನೋಡಿದ, ಬಿರುಕಿಲ್ಲ. ಮಿಲಿಟರಿಯವನ ಗಾಡಿ, ಬೂಟು ಸರಿಯಾಗಿರದೆ ಇರುತ್ತದೆಯೇ! ಹತ್ತು ಗಂಟೆಯ ಹೊತ್ತಿಗೆ ತಪಾಸಣೆ ಮುಗಿಯಿತು. ಒಂದೇ ಒಂದು ದೋಷ ಸಿಗಲಿಲ್ಲ.

ನ್ಯಾಯವಾಗಿ ಅಲ್ಲಿಗೆ ಕೈ ತೊಳೆದುಕೊಂಡು ಏಳಬೇಕಿತ್ತು. ಆದರೆ ಏನೂ ಬಿಚ್ಚದೆ ಎದ್ದರೆ ಅದೆಂಥ ಸರ್ವೀಸು? ಹಳೆ ಎಣ್ಣೆ ಬಸಿದು ಹೊಸದು ಹಾಕಿಯೇಬಿಡೋಣ ಎಂದು ಆ ಉಂಡೆಯ ತಳದಲ್ಲಿದ್ದ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಕರ್ರಗಿನ ಎಣ್ಣೆ ಬಳಬಳನೆ ಇಳಿಯತೊಡಗಿತು. ಕೆಳಗಿಡಲು ಏನೂ ಸಿಗದೆ ಕೈಗೆ ಸಿಕ್ಕಿದ ಬೇಸಿನ್ನನ್ನು ಎಳೆದುಕೊಂಡ.

“ಅಯ್ಯೋ! ಅದು ಅವ್ವಂಗೆ ಕಜ್ಜಾಯದ ಹಿಟ್ಟು ಕಲಸೋಕೆ ತೊಳೆದಿಟ್ಟಿದ್ದು!” ಎಂದು ಸುಚಿತ್ರಾ ಬಾಗಿಲಿಗೆ ಬಂದಳು.

“ಆಮೇಲೆ ತೊಳ್ಕೊಡ್ತೀನಿ ಸುಮ್ನಿರು.”

“ನೀವು ತೊಳೆದ್ರೆ ಇನ್ನೊಂದ್ ಬೇಸಿನ್ನೂ ಹಾಳಾಗ್ತದೆ” ಎಂದು ಅವಳು ಒಳಗೆ ಹೋದಳು. ಜಗಳವಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಬಿಚ್ಚಿದ ಬೋಲ್ಟಿನ ತುದಿಯಲ್ಲಿ ಪುಟ್ಟ ಅಯಸ್ಕಾಂತ. ಅದಕ್ಕೆ ಬೂದು ಬಣ್ಣದ ಕಬ್ಬಿಣದ ಹುಡಿ ಮೆತ್ತಿಕೊಂಡಿತ್ತು. ಅದನ್ನು ಕೊಡವಲೆಂದು ನಟರಾಜು ಮೋರಿಯ ಚಪ್ಪಡಿಗೆ ಟಕ್ ಟಕ್ ಎಂದು ಕುಟ್ಟಿದ. ಮೊದಲ ಸಲ ಹುಡಿ ಉದುರಿತು. ಎರಡನೇ ಸಲ ಬೋಲ್ಟೇ ಕೈಜಾರಿ ಚಪ್ಪಡಿಯ ಸಂದಿಯಲ್ಲಿ ಬಿತ್ತು. ‘ಪ್ಲಕ್’ ಎಂದು ಒಂದು ಸದ್ದು. ಅಷ್ಟೇ!

ನಟರಾಜು ಸಂದಿಗೆ ಕಣ್ಣಿಟ್ಟು ಇಣುಕಿದ. ಆಮೇಲೆ ವಿಜ್ಞಾನ ನೆನಪಾಯಿತು. “ಅದ್ರ ತುದೀಲಿ ಮ್ಯಾಗ್ನೆಟ್ ಐತೆ. ಕಬ್ಬಿಣದ ಸರಳು ಇಳೆಬುಟ್ರೆ ತಾನಾಗೇ ಬಂದು ತಬ್ಕೋತದೆ!” ಎಂದು ಉದ್ದನೆಯ ಸರಳು ತಂದು ಮೋರಿಗೆ ಇಳಿಬಿಟ್ಟ. ಅರ್ಧ ಗಂಟೆ ತಡಕಾಡಿದ ಮೇಲೆ ಒಂದು ಹವಾಯಿ ಚಪ್ಪಲಿ ಬಂತು. ಬೋಲ್ಟು ಬರಲಿಲ್ಲ. ಮೂಗು ಮುಚ್ಚಿಕೊಂಡು ನಿಂತಿದ್ದ ಫಕ್ರುದ್ದೀನ್, ಆ ಚಪ್ಪಲಿಯ ಜೋಡಿ ಎಲ್ಲಿ ಎಂದು ಮೋರಿಗೆ ಇಣುಕಿದ.

ಇನ್ನು ಅಂಗಡಿ ಸುತ್ತಾಟ. ಚನ್ನಪಟ್ಟಣದಲ್ಲಿ ನಾಲ್ಕು ಅಂಗಡಿ, ಬಸ್ಸು ಹತ್ತಿ ರಾಮನಗರದಲ್ಲಿ ಐದು. ಎಲ್ಲೆಡೆ ಒಂದೇ ರಾಗ: “ಚೈನ್ ಸೆಟ್ ಬೇಕಾದ್ರೆ ಐತೆ ಅಣ್ಣ, ಕೊಡ್ಲಾ?” ಇದ್ದ ಬೋಲ್ಟುಗಳಲ್ಲಿ ಒಂದು ದಪ್ಪ, ಒಂದು ಸಣ್ಣ, ಒಂದು ತೂತಿನೊಳಕ್ಕೆ ಹೋದರೆ ಹೋಗೇಬಿಡುವಂಥದ್ದು. ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಫೋನ್ ಮಾಡಿದರೆ, “ಹೊರದೇಶದಿಂದ ಬರ್ಬೇಕು ಸಾರ್, ಎರಡು ತಿಂಗಳಾಗುತ್ತೆ” ಎಂದು ಬಹಳ ಮರ್ಯಾದೆಯಿಂದ ಹೇಳಿ ಇಟ್ಟ.

ಮಧ್ಯಾಹ್ನ ಮೂರು ಗಂಟೆಗೆ ಸೋತು ಮನೆಗೆ ಬಂದ ಗಂಡನ ಮುಂದೆ ಸುಚಿತ್ರಾ ಅನ್ನದ ತಟ್ಟೆ ಇಟ್ಟು, ಎದುರಿಗೆ ಕೂತಳು.

“ಅಣ್ಣಂಗೆ ಫೋನ್ ಮಾಡಿ ಇರೋದ್ನ ಇದ್ದಂಗೆ ಹೇಳ್ಬುಡಣ ಕಣ್ರೀ.”

“ಹೇಳೋದಾ? ಬೈಕ್ ಹಾಳು ಮಾಡ್ದೆ ಅಂತಾನಾ?”

“ಮೂರು ವರ್ಷ ಆಯ್ತು ನಾನು ಅವ್ವನ ಕೈಯೂಟ ಉಂಡು. ಈ ಸಲ ಏನಾದ್ರೂ ಆಗಿ ಮತ್ತೆ ಬಾಗ್ಲು ಹಾಕ್ಕೊಂಡ್ರೆ, ಇನ್ನೊಂದ್ ಸಲ ತೆಗ್ಸೋಕೆ ನನ್ ಕೈಲಿ ಶಕ್ತಿ ಇಲ್ಲ. ಬೈಸ್ಕೊಂಡ್ರೂ ಪರ್ವಾಗಿಲ್ಲ, ನಿಜ ಹೇಳ್ಬುಡಿ.”

ನಟರಾಜು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೆಂಡತಿಯ ಮುಖ ನೋಡಿ ನಿಜವಾಗಿಯೂ ಸಂಕಟವಾಯಿತು. ಆದರೆ ಸಂಕಟವಾದಾಗ ಬೇರೆ ಗಂಡಸರು ತಪ್ಪೊಪ್ಪಿಕೊಳ್ಳುತ್ತಾರೆ, ಈ ಪುಣ್ಯಾತ್ಮ ಹೊಸ ಉಪಾಯ ಹೂಡುತ್ತಾನೆ. ಕೈ ತೊಳೆದವನೇ ಕಾರ್ಖಾನೆಗೆ ನಡೆದ. ಇಡೀ ಲೋಕದಲ್ಲಿ ಸಿಗದ ಬೋಲ್ಟನ್ನು ತಾನೇ ಕಡೆದುಬಿಟ್ಟರೆ! ಕುಂಕುಮದ ಭರಣಿಗೆ ತಿರುಪು ಮುಚ್ಚಳ ಮಾಡುವವನಿಗೆ ಒಂದು ಬಿರಡೆ ಯಾವ ಮಹಾ?

ಚೆನ್ನಾಗಿ ಒಣಗಿದ ಹಾಲೆ ಮರದ ತುಂಡು ಆರಿಸಿದ. ಕಡೆದ, ಅಳತೆ ನೋಡಿದ, ತಿರುಪಿನ ಗೀರು ಕೊರೆದ, ಮತ್ತೆ ಅಳತೆ ನೋಡಿದ. ಎಣ್ಣೆ ಹೀರದಿರಲೆಂದು ಮೈಗೆಲ್ಲ ಅರಗು ಹತ್ತಿಸಿದ. ಬರೀ ಒಂದೇ ಬಣ್ಣವಾದರೆ ಬೋಳು ಬೋಳು ಅನಿಸಿ, ಕೆಂಪಿನ ಮೇಲೆ ಎರಡು ಹಳದಿ ಪಟ್ಟೆಯನ್ನೂ ಎಳೆದ! ಕೇದಿಗೆ ಗರಿಯಿಂದ ಸವರಿ ಎತ್ತಿದರೆ, ಬಿರಡೆಯಲ್ಲ, ಒಡವೆ! ಅದನ್ನು ಗಾಡಿಗೆ ತಿರುಗಿಸಿ ಕೂರಿಸಿ, ಸುತ್ತಲೂ ಅರಗು ಕಾಯಿಸಿ ಮೆತ್ತಿ, ಮೇಲಿನ ತೂತಿನಿಂದ ಹೊಸ ಎಣ್ಣೆ ಹೊಯ್ದ. ಒಂದು ಗಂಟೆ ಕಾದರೂ ಒಂದು ತೊಟ್ಟು ಸೋರಲಿಲ್ಲ.

ಫಕ್ರುದ್ದೀನ್ ಬಗ್ಗಿ ನೋಡಿ ಹುಬ್ಬೇರಿಸಿದ. “ಕೆಲ್ಸ ಏನೋ ಸೂಪರ್. ಆದ್ರೆ ಅರಗು ಬಿಸಿಗೆ ಕರಗ್ತದಲ್ಲೋ?”

“ಲೇ, ಬಿಸಿ ಆಗೋದು ಎಂಜಿನ್ನು. ಇದು ಚಕ್ರ. ಸುಮ್ನೆ ತಿರುಗ್ತದೆ ಅಷ್ಟೇ. ತಿರುಗೋದ್ರಲ್ಲಿ ಎಲ್ಲಿಂದ ಬಂತ್ಲಾ ಬಿಸಿ?”

ಗಮನಿಸಿ ಮಹಾಜನರೇ! ಮರ ತಿರುಗಿ ಬಿಸಿಯಾಗಿ ಅರಗು ಕರಗುತ್ತದೆ ಎಂಬ ಒಂದೇ ಒಂದು ಸಂಗತಿಯ ಮೇಲೆ ಇಪ್ಪತ್ತೈದು ವರ್ಷ ಅನ್ನ ತಿಂದ ಮನುಷ್ಯ ಆಡಿದ ಮಾತು ಇದು. ಫಕ್ರುದ್ದೀನ್ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡು ಹೊರಟುಹೋದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸವಾರಿ ಹೊರಟಿತು. ಸುಚಿತ್ರಾ ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಹೊಸ ಬೇಸಿನ್ನಿನಲ್ಲಿ ಕಲಸಿ ಕರಿದ ಕಜ್ಜಾಯದ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಹೊಸ ಹೆದ್ದಾರಿಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲವಾಗಿ ಹಳೇ ರಸ್ತೆಯಲ್ಲೇ ರಾಮನಗರ ಮುಟ್ಟಿ, ಅಲ್ಲಿಂದ ಮಾಗಡಿ ದಾರಿ ಹಿಡಿದರು. ಗಾಡಿ ಬೆಣ್ಣೆಯಂತೆ ಸಾಗುತ್ತಿತ್ತು.

“ನೋಡ್ದಾ? ಸದ್ದಾದ್ರೂ ಐತಾ? ನಿಮ್ಮಣ್ಣ ಕೇಳ್ತಾರೆ, ಯಾವ ಮೆಕ್ಯಾನಿಕ್ ಹತ್ರ ಮಾಡ್ಸಿದ್ರಿ ಅಂತ!”

ಸುಚಿತ್ರಾ ದಾರಿಯುದ್ದಕ್ಕೂ ಮನೆದೇವರನ್ನು ನೆನೆಯುತ್ತಿದ್ದಳು.

ಮಾಗಡಿ ಹತ್ತಿರವಾದಂತೆ ಜನ ಗಾಡಿಯನ್ನು ತೋರಿಸಿ ಕೈ ಬೀಸತೊಡಗಿದರು. ಒಬ್ಬ ಸ್ಕೂಟರಿನವನಂತೂ ಪಕ್ಕಕ್ಕೇ ಬಂದು “ಅಣ್ಣಾ! ಅಣ್ಣಾ!” ಎಂದು ಕೂಗಿದ. ಫಾರಿನ್ ಗಾಡಿ, ಚೈನಿಲ್ಲ, ಯಾರಿಗೆ ತಾನೇ ಆಶ್ಚರ್ಯವಾಗುವುದಿಲ್ಲ! ನಟರಾಜು ಗಂಭೀರವಾಗಿ ತಲೆಯಾಡಿಸಿ ಎಲ್ಲರಿಗೂ ತಿರುಗಿ ಕೈ ಬೀಸಿದ.

“ಏನೋ ವಾಸ್ನೆ ಬತ್ತಾ ಐತೆ ಕಣ್ರೀ” ಎಂದಳು ಸುಚಿತ್ರಾ.

ನಟರಾಜು ಮೂಗರಳಿಸಿದ. ಪರಿಚಿತ ವಾಸನೆ. “ಅಯ್ಯೋ, ಅದು ಅರಗಿನ ವಾಸ್ನೆ. ನಮ್ಮ ಬಟ್ಟೇಲೇ ಇರ್ತದೆ ಬುಡು” ಎಂದ. ಎಂದ ಮೇಲೆ ತನ್ನ ಬಟ್ಟೆಯನ್ನೊಮ್ಮೆ ನೋಡಿಕೊಂಡ. ಅವನು ಉಟ್ಟಿದ್ದು ಹೊಸ ಪಂಚೆ, ಹೊಸ ಅಂಗಿ.

ಗುಡೇಮಾರನಹಳ್ಳಿಯ ಹತ್ತಿರ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಸರ್ರನೆ ಪಕ್ಕಕ್ಕೆ ಜಾರಿತು. “ಅಯ್ಯಪ್ಪಾ!” ಎಂದು ಇಬ್ಬರೂ ಒಟ್ಟಿಗೇ ಚೀರಿದರು. ಪುಣ್ಯಕ್ಕೆ ಬೀಳಲಿಲ್ಲ. ರಾಗಿ ಹೊಲದ ಬದಿಗೆ ನಿಲ್ಲಿಸಿ ಇಳಿದು ನೋಡಿದರೆ, ಟೈರಿನ ತುಂಬ ಎಣ್ಣೆ. ಬಿರಡೆ ಇದ್ದ ಜಾಗದಲ್ಲಿ ಬರೀ ತೂತು. ತೂತಿನ ಸುತ್ತ ಕೆಂಪು ಹಳದಿ ಅರಗು ಗೊಣ್ಣೆಯಂತೆ ಇಳಿದಿತ್ತು. ಬಿರಡೆ ಎಲ್ಲಿ ಉದುರಿತೋ, ಯಾವ ದನ ಮೂಸಿತೋ! ಸುಚಿತ್ರಾಳ ಸಾಸಿವೆ ಸೀರೆಯ ಅಂಚಿಗೆ ಎಣ್ಣೆಯ ಚುಕ್ಕೆ, ಅದರ ನಡುವೆ ಕೆಂಪು ಅರಗಿನ ಬೊಟ್ಟು. ಜನ ಕೈ ಬೀಸಿದ್ದು ಯಾಕೆಂದು ನಟರಾಜುವಿಗೆ ಆಗ ತಿಳಿಯಿತು.

“ಇನ್ನ ಹತ್ತು ಹನ್ನೆರಡು ಕಿಲೋಮೀಟ್ರು. ನಿಧಾನಕ್ಕೆ ಓಡ್ಸ್ಕೊಂಡ್ ಹೋಗ್ಬುಡಣ...”

“ಎಣ್ಣೆ ಇಲ್ದೆ ಓಡ್ಸುದ್ರೆ ಒಳಗಿನ ಹಲ್ಲು ಏನಾಗ್ತದೆ?”

“...ಪುಡಿಯಾಗ್ತದೆ.”

“ಕೀಲಿ ಕೊಡಿ ಇಲ್ಲಿ” ಎಂದಳು ಸುಚಿತ್ರಾ. ಕೂಗಲಿಲ್ಲ, ಅಳಲಿಲ್ಲ. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, ರಸ್ತೆಯ ನಡುವೆ ನಿಂತು, ಖಾಲಿ ತರಕಾರಿ ಕ್ರೇಟು ಹೇರಿಕೊಂಡು ಕುದೂರಿನ ಕಡೆ ಹೊರಟಿದ್ದ ಲಗೇಜ್ ಆಟೋ ಒಂದಕ್ಕೆ ಕೈ ಅಡ್ಡ ಹಾಕಿದಳು. ಡ್ರೈವರು, ನಟರಾಜು, ಹೊಲದಲ್ಲಿದ್ದ ಇಬ್ಬರು ಸೇರಿ ಗಾಡಿಯನ್ನು ಮೇಲೆತ್ತಿದರು. ಅವಳು ಡ್ರೈವರನ ಪಕ್ಕದಲ್ಲಿ ಕಜ್ಜಾಯದ ಡಬ್ಬ ಹಿಡಿದು ಕೂತಳು. ನಟರಾಜು ಹಿಂದೆ ಕ್ರೇಟುಗಳ ನಡುವೆ ಗಾಡಿಯನ್ನು ತಬ್ಬಿಕೊಂಡು ನಿಂತ.

“ಇದೇನಣ್ಣಾ, ಗಾಡಿಗೆ ಚೈನೇ ಇಲ್ಲ?” ಎಂದು ಡ್ರೈವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೇಳಿದ.

ಶಾಫ್ಟಿನ ಮಹಿಮೆ ವಿವರಿಸುವ ಚೈತನ್ಯ ನಟರಾಜುವಿಗೆ ಇರಲಿಲ್ಲ. “ಇಲ್ಲಪ್ಪ” ಎಂದಷ್ಟೇ ಹೇಳಿದ.

ಕುದೂರು ಬಂದಾಗ ಅವನು ಬಗ್ಗಿ, ಕಿಟಕಿಯ ಮೂಲಕ ಹೆಂಡತಿಯ ಕಿವಿಗೆ ಪಿಸುಗುಟ್ಟಿದ. “ಸುಚಿತ್ರಾ, ಬೋಲ್ಟು ದಾರೀಲಿ ಬಿದ್ದೋಯ್ತು ಅನ್ನಣ. ಸುಳ್ಳೇನಲ್ಲ, ಬಿರಡೆ ಬಿದ್ದಿದ್ದು ದಾರೀಲೇ ತಾನೆ?”

ಅವಳು ತಿರುಗಿಯೂ ನೋಡಲಿಲ್ಲ. “ನಿಮಗೆ ಹೆಂಗ್ ತೋಚ್ತದೋ ಹಂಗ್ ಮಾಡಿ. ನಂಗೆ ಸಾಕಾಗದೆ.”

ಗೇಟಿನಲ್ಲಿ ಕೃಷ್ಣಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿಕೊಂಡು, ನೆಟ್ಟಗೆ ನಿಂತಿದ್ದ. ತನ್ನ ಗಾಡಿ ಓಡಿಕೊಂಡು ಬರುವ ಬದಲು ಹೊರಿಸಿಕೊಂಡು ಬರುವುದನ್ನು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಎಣ್ಣೆ ಮೆತ್ತಿದ ಚಕ್ರ, ಕೆಂಪು ಹಳದಿ ಗೊಣ್ಣೆ. “ಇದು ನನ್ ಗಾಡಿನೇ ಅಲ್ಲ!” ಎಂದ.

ಕೆಳಗಿಳಿಸಿದ ಗಾಡಿಯ ತಳ ನೋಡಬೇಕೆಂದರೆ ಡಾಕ್ಟರು ತಲೆ ಬಗ್ಗಿಸಬೇಡ ಎಂದಿದ್ದಾರೆ. ಸುಬೇದಾರ ಬಗ್ಗಲಾರದೆ, ಬಿಡಲಾರದೆ ಚಡಪಡಿಸಿದ. ಕೊನೆಗೆ ಹತ್ತನೇ ಕ್ಲಾಸಿನ ಮಗಳು ನವ್ಯಶ್ರೀಯನ್ನು ಕರೆದು, ಗಾಡಿಯ ಅಡಿ ನುಗ್ಗಿಸಿ, ಫೋನಿನಲ್ಲಿ ಫೋಟೋ ತೆಗೆಸಿ, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದ.

“ಬೋಲ್ಟ್ ಎಲ್ಲಿ?”

ಸುಚಿತ್ರಾ ಅಂಗಳದಲ್ಲೇ ನಿಂತಿದ್ದಳು. ಹೊಸ್ತಿಲು ನಾಲ್ಕು ಹೆಜ್ಜೆ ದೂರ. ಒಳಗಿನಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ನಟರಾಜು ನಾಲಗೆಯ ತುದಿಗೆ ತಂದುಕೊಂಡಿದ್ದ ಸುಳ್ಳನ್ನು ಅವಳ ಮುಖ ನೋಡಿ ನುಂಗಿದ.

“ಬಾವ, ನಾನೇ ಬಿಚ್ಚಿದ್ದು. ಏನೂ ಕೆಟ್ಟಿರ್ನಿಲ್ಲ, ಸುಮ್ನೆ ಬಿಚ್ದೆ. ಮೋರಿಗೆ ಬಿತ್ತು. ಮರದ ಬಿರಡೆ ಮಾಡಿ ಅರಗು ಹಚ್ಚಿ ಕೂರಿಸ್ದೆ, ಅದೂ ಕರಗ್ತು. ಸುಚಿತ್ರಾ ಬೇಡ ಬೇಡ ಅಂತಾನೇ ಇದ್ಲು. ಅವಳ್ದೇನೂ ತಪ್ಪಿಲ್ಲ. ನನ್ನ ಬೇಕಾದ್ರೆ ಹೊರಗೇ ನಿಲ್ಸಿ, ಅವಳನ್ನ ಒಳಕ್ಕೆ ಕರ್ಕೊಳ್ಳಿ.”

ಸುಬೇದಾರನ ಮೀಸೆ ಅದುರಿತು. “ಮರದ್ದಾ! ಗಾಡಿಗೆ ಗೊಂಬೆ ಬಿರಡೆನಾ!” ಎಂದು ಅವನು ದನಿಯೆತ್ತುವಷ್ಟರಲ್ಲಿ ಮುನಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

“ಕಿಟ್ಟಾ, ಬಾಯ್ಮುಚ್ಚು. ಅಳಿಯಂದ್ರೇ, ಗಾಡಿ ಈಗ ಓಡ್ತದೋ ಇಲ್ವೋ?”

ನಟರಾಜು ತಲೆ ತಗ್ಗಿಸಿದ. “ಇಲ್ಲ ಅತ್ತೆ. ಬೋಲ್ಟು ಹೊರದೇಶದಿಂದ ಬರ್ಬೇಕು. ಎರಡು ತಿಂಗ್ಳಾಗ್ತದೆ.”

“ಎರಡು ತಿಂಗ್ಳು ಗ್ಯಾರಂಟಿನಾ?”

“ಗ್ಯಾರಂಟಿ ಅತ್ತೆ.”

ಮುನಿಯಮ್ಮನ ಮುಖ ಊರಗಲವಾಯಿತು. ಆಕಾಶಕ್ಕೆ ಎರಡೂ ಕೈ ಮುಗಿದರು. “ನನ್ನಪ್ಪಾ, ಕಾಪಾಡ್ದೆ! ಡಾಕ್ಟ್ರು ಮೂರು ತಿಂಗ್ಳು ಗಾಡಿ ಹತ್ಕೂಡ್ದು ಅಂದವ್ರೆ. ಇವ್ನು ಯಾರ್ ಮಾತು ಕೇಳ್ತಾನೆ? ಕೀಲಿ ಬಚ್ಚಿಟ್ರೆ ಹುಡುಕ್ತಾನೆ, ಪೆಟ್ರೋಲ್ ತೆಗ್ಸಿದ್ರೆ ತುಂಬಿಸ್ಕೋತಾನೆ. ಅದ್ಕೇ ಕಣವ್ವ ನಾನು ಯೋಚ್ನೆ ಮಾಡಿ, ಗಾಡಿನ ಅಳಿಯಂದ್ರ ಮನೆ ಮುಂದೆ ಬುಟ್ಬುಟ್ಟು ಹೋಗ್ಲಾ ಅಂತ ಹಟ ಮಾಡಿ ಕಳ್ಸಿದ್ದು. ತಿಂಗ್ಳಾದ್ರೂ ಫೋನ್ನಲ್ಲಿ ಏನೂ ಕೆಟ್ಟ ಸುದ್ದಿ ಬರ್ನಿಲ್ಲ. ಅಯ್ಯೋ, ಅಳಿಯಂದ್ರು ಕೈ ಬಿಟ್ಬುಟ್ರಲ್ಲಪ್ಪಾ ಅಂತ ಎಷ್ಟು ಭಯ ಆಗಿತ್ತು ಗೊತ್ತಾ ನಂಗೆ!”

ಕೃಷ್ಣಪ್ಪ ತಾಯಿಯನ್ನೇ ನೋಡಿದ. ನಟರಾಜು ನೆಲ ನೋಡಿದ. ಅಲ್ಲಿಯವರೆಗೆ ತನ್ನನ್ನು ನಂಬಿ ಗಾಡಿ ಕೊಟ್ಟಿದ್ದಾರೆ ಅಂದುಕೊಂಡಿದ್ದ. ನಂಬಿದ್ದೇನೋ ನಿಜವೇ! ಆಗ ಸುಚಿತ್ರಾ ನಗತೊಡಗಿದಳು. ಎಣ್ಣೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಅವ್ವನ ಭುಜಕ್ಕೆ ಮುಖ ಒತ್ತಿ ಒಂದಿಷ್ಟು ಅತ್ತಳು. ಸುಬೇದಾರ ಕನ್ನಡಕ ತೆಗೆದು ಒರೆಸಿಕೊಂಡು, “ಬಾ ನಟರಾಜು, ಒಳಗೆ ಬಾ. ಏನನ್ನೂ ಮುಟ್ಬೇಡ, ಆದ್ರೆ ಬಾ” ಎಂದ.

ಮೂರು ವರ್ಷದ ಮೇಲೆ ಭಾವ-ಮೈದುನ ಪಕ್ಕಪಕ್ಕ ಎಲೆ ಮುಂದೆ ಕೂತರು. ಮುನಿಯಮ್ಮ ಅಳಿಯನ ಎಲೆಗೆ ಮೊದಲ ಮುದ್ದೆ ಇಟ್ಟು, ಸಾರು ಬಿಟ್ಟು, ತುಪ್ಪ ಹಾಕಿ, ಇನ್ನೊಂದು ಸೌಟು ತುಪ್ಪ ಹಾಕಿ, ಬಹಳ ಅಕ್ಕರೆಯಿಂದ ಹತ್ತಿರ ಬಗ್ಗಿದರು.

“ನಿಧಾನಕ್ಕೆ ಉಣ್ಣಿ ಅಳಿಯಂದ್ರೇ. ಉಂಡಾದ್ಮೇಲೆ ಇನ್ನೊಂದ್ ಸಣ್ಣ ಕೆಲ್ಸ ಐತೆ. ನವ್ಯಶ್ರೀಗೆ ಪರೀಕ್ಷೆ ಹತ್ರ ಬಂತು, ಮೂರೊತ್ತೂ ಟೀವಿ ಮುಂದೆನೇ ಕೂತಿರ್ತಾಳೆ. ಹೋಗೋ ಮುಂಚೆ ಅದನ್ನೂ ಒಸಿ ರಿಪೇರಿ ಮಾಡ್ಕೊಟ್ ಹೋಗ್ರಪ್ಪಾ.”